ಟ್ಯಾಟೂ ಬಾಮ್: ಯಾವಾಗ ಹಚ್ಬೇಕು, ಎಷ್ಟು ಹಚ್ಬೇಕು, ಯಾವಾಗ ಸುಮ್ನೆ ಬಿಡ್ಬೇಕು

ಟ್ಯಾಟೂ ಹಾಕಿಸ್ಕೊಂಡಿರೋ ನಾಲ್ಕು ಜನ ಒಂದು ಕಡೆ ಸೇರಿದ್ರೆ ಮಾತು ಸೀದಾ ಬಾಮ್ ಕಡೆಗೇ ಬರುತ್ತೆ. ಒಬ್ರು ವ್ಯಾಸಲಿನ್ ಸಾಕು ಬೇರೇನೂ ಬೇಡ ಅಂತಾರೆ, ಇನ್ನೊಬ್ರು ಅಯ್ಯೋ ವ್ಯಾಸಲಿನ್ ಹಚ್ಚಿದ್ರೆ ಇಂಕೇ ಎದ್ದು ಬಂದ್ಬಿಡುತ್ತೆ ಅಂತ ಹೆದರಿಸ್ತಾರೆ, ಮೂರನೆಯವರು ಶಿಯಾ ಬಟರ್ (ಆಫ್ರಿಕಾದ ಶಿಯಾ ಮರದ ಬೀಜದಿಂದ ತೆಗೆಯೋ ಗಟ್ಟಿ ಎಣ್ಣೆ) ಇರೋ ಬಾಮ್ ಹಚ್ಚಿದ್ಮೇಲೆ ನನ್ನ ಹಳೇ ಟ್ಯಾಟೂ ಹೊಸದರ ಥರ ಆಯ್ತು ಅಂತ ಫೋಟೋ ತೆಗೆದು ತೋರಿಸ್ತಾರೆ. ಇವರ್ಯಾರೂ ಸುಳ್ಳು ಹೇಳ್ತಿಲ್ಲ, ಅವರವರಿಗೆ ಆಗಿದ್ದನ್ನೇ ಹೇಳ್ತಿದ್ದಾರೆ, ಆದ್ರೆ ಬಾಮ್ ಚರ್ಮದ ಯಾವ ಪದರದಲ್ಲಿ ಕೆಲಸ ಮಾಡುತ್ತೆ ಅನ್ನೋದನ್ನ ಯಾರೂ ಹೇಳಲ್ಲ. ಅದು ಗೊತ್ತಾದ್ರೆ ಈ ಜಗಳದಲ್ಲಿ ಮುಕ್ಕಾಲು ಭಾಗ ಅಲ್ಲೇ ಮುಗಿದುಹೋಗುತ್ತೆ. ನನ್ನ ಮೈಮೇಲೆ ಹಳೇ ಟ್ಯಾಟೂನೂ ಇದೆ ಹೊಸದೂ ಇದೆ, ವರ್ಷಗಟ್ಟಲೆ ಡಬ್ಬಿಗಳ ಹಿಂದಿನ ಚಿಕ್ಕ ಅಕ್ಷರ ಓದ್ತಾ ಬಂದಿದ್ದೀನಿ, ಗೊತ್ತಿರೋದನ್ನ ಒಂದು ಕಡೆ ಬರೆದಿಡೋಣ ಅಂತ ಕೂತಿದ್ದೀನಿ.

ಮೊದ್ಲು ಇಂಕ್ ಎಲ್ಲಿರುತ್ತೆ ನೋಡಿ. ಚರ್ಮದ ಮೇಲ್ಪದರ, ಎಪಿಡರ್ಮಿಸ್ ಅಂತಾರಲ್ಲ, ಅದು ಮೈಯ ಹೆಚ್ಚಿನ ಕಡೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳ್ಳಗಿರುತ್ತೆ, ಮತ್ತೆ ಅದು ಸುಮಾರು 4ರಿಂದ 6 ವಾರಕ್ಕೆ ಪೂರ್ತಿ ಉದುರಿ ಹೊಸದಾಗುತ್ತೆ. ಇಂಕ್ ಅಲ್ಲಿ ಕೂತ್ಕೊಂಡ್ರೆ ಚರ್ಮದ ಜೊತೆನೇ ಉದುರಿ ಹೋಗ್ತಿತ್ತು. ಅದಕ್ಕೇ ಸೂಜಿ ಅದರ ಕೆಳಗಿನ ಡರ್ಮಿಸ್ ತನಕ, ಅಂದ್ರೆ ಸುಮಾರು 1ರಿಂದ 2 ಮಿಲಿಮೀಟರ್ ಆಳಕ್ಕೆ ಹೋಗುತ್ತೆ. ಅಲ್ಲಿ ನಮ್ಮ ದೇಹದ ಕಾವಲು ಕೋಶಗಳು, ಮ್ಯಾಕ್ರೋಫೇಜ್‌ಗಳು, ಇದ್ಯಾವುದೋ ಹೊರಗಿನ ವಸ್ತು ಅಂತ ಇಂಕಿನ ಕಣಗಳನ್ನ ನುಂಗಿ ಒಳಗೇ ಇಟ್ಕೊಂಡ್ಬಿಡ್ತವೆ, ಅರಗಿಸ್ಕೊಳ್ಳೋಕಾಗಲ್ಲ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ಮೇಲೆ ಮಾಡಿದ ಕೆಲಸದಲ್ಲಿ ಇನ್ನೊಂದು ಚಂದದ ವಿಷಯ ಗೊತ್ತಾಯ್ತು, ಆ ಕೋಶಗಳು ಸತ್ತಾಗ ಹೊರಗೆ ಬಿದ್ದ ಇಂಕನ್ನ ಪಕ್ಕಕ್ಕೆ ಬಂದ ಹೊಸ ಕೋಶಗಳು ಮತ್ತೆ ನುಂಗ್ತವೆ, ಹೀಗೆ ಒಬ್ಬರಿಂದ ಒಬ್ಬರಿಗೆ ದಾಟ್ತಾ ದಾಟ್ತಾ ಟ್ಯಾಟೂ ಉಳ್ಕೊಳ್ಳುತ್ತೆ. ನಾವು ಶಾಶ್ವತ ಅನ್ನೋದು ನಿಜವಾಗ್ಲೂ ಪ್ರತಿದಿನ ಒಳಗೆ ನಡೀತಿರೋ ಕೆಲಸ. ನಂಗೆ ಇದನ್ನ ಓದಿದಾಗ ಆದ ಖುಷಿ ಇನ್ನೂ ಇದೆ.

ಈಗ ಬಾಮ್‌ಗೆ ಬನ್ನಿ. ನಾವು ಹಚ್ಚೋ ಮೇಣ, ಬೆಣ್ಣೆ, ಎಣ್ಣೆ ಎಲ್ಲ ಹೆಚ್ಚು ಕಮ್ಮಿ ಮೇಲ್ಪದರದಲ್ಲೇ ಇರುತ್ತೆ. ಕೆಳಗೆ ಮ್ಯಾಕ್ರೋಫೇಜ್ ಹೊಟ್ಟೇಲಿರೋ ಇಂಕಿಗೆ ಅದು ಬಣ್ಣ ತುಂಬೋಕೂ ಆಗಲ್ಲ, ಅಲ್ಲಿಂದ ಇಂಕನ್ನ ಎಳೆದು ತೆಗೆಯೋಕೂ ಆಗಲ್ಲ. ಹಾಗಾಗಿ ವ್ಯಾಸಲಿನ್ ಇಂಕ್ ಎಳೆಯುತ್ತೆ ಅನ್ನೋ ಮಾತನ್ನ ನಾನು ಒಪ್ಪಲ್ಲ. ಮೊದಲ ದಿನಗಳಲ್ಲಿ ಬಟ್ಟೆಗೆ, ಹಾಸಿಗೆಗೆ ಬಣ್ಣ ಅಂಟುತ್ತಲ್ಲ, ಅದು ಮೇಲ್ಪದರದಲ್ಲಿ ಉಳಿದುಹೋದ ಇಂಕು ಗಾಯದ ರಸದ ಜೊತೆ ಹೊರಗೆ ಬರೋದು, ಏನು ಹಚ್ಚಿದ್ರೂ ಏನೂ ಹಚ್ಚದಿದ್ರೂ ಅದು ಬಂದೇ ಬರುತ್ತೆ.

ಹಾಗಾದ್ರೆ ಬಾಮ್ ಹಚ್ಚಿದ ತಕ್ಷಣ ಹಳೇ ಟ್ಯಾಟೂ ಯಾಕೆ ಅಷ್ಟು ಕಪ್ಪಗೆ, ಗಾಢವಾಗಿ ಕಾಣುತ್ತೆ? ಹೊಳೆ ದಂಡೇಲಿ ಬಿದ್ದಿರೋ ಒಣ ಕಲ್ಲನ್ನ ನೀರಿಗೆ ಅದ್ದಿ ನೋಡಿ, ಬೂದಿ ಬಣ್ಣಕ್ಕಿದ್ದ ಕಲ್ಲಲ್ಲಿ ಕೆಂಪು ಗೆರೆ ಹಸಿರು ಗೆರೆ ಎಲ್ಲ ಎದ್ದು ಕಾಣುತ್ತೆ, ಕಲ್ಲಿನ ಬಣ್ಣ ಬದಲಾಗಿರಲ್ಲ. ಇಲ್ಲೂ ಅದೇ ಆಗೋದು. ಒಣಗಿದ ಚರ್ಮದ ಮೇಲೆ ಕಣ್ಣಿಗೆ ಕಾಣದ ಹೊಟ್ಟು ಎದ್ದಿರುತ್ತೆ, ಅವುಗಳ ಮಧ್ಯ ಗಾಳಿ ಇರುತ್ತೆ, ಬೆಳಕು ಅಲ್ಲೇ ಚೆದುರಿ ವಾಪಸ್ ಬರೋದ್ರಿಂದ ಕೆಳಗಿನ ಬಣ್ಣ ಮಂಕಾಗಿ ಬೆಳ್ಳಗೆ ಕಾಣುತ್ತೆ. ಎಣ್ಣೆ ಆ ಸಂದುಗಳನ್ನ ತುಂಬಿದ ಕೂಡ್ಲೇ ಬೆಳಕು ಒಳಗೆ ಹೋಗಿ ಇಂಕನ್ನ ಮುಟ್ಟಿ ಬರುತ್ತೆ. ಅಂದ್ರೆ ಬಾಮ್ ಮಾಡೋದು ಮೇಲಿನ ಚರ್ಮವನ್ನ ತಿಳಿ ಮಾಡೋ ಕೆಲಸ. ಇದು ಸಣ್ಣ ಕೆಲಸ ಅಂತ ನಂಗೆ ಅನ್ಸಲ್ಲ, ಯಾಕಂದ್ರೆ ನಾವು ಜೀವನಪೂರ್ತಿ ಟ್ಯಾಟೂ ನೋಡೋದು ಆ ಮೇಲ್ಪದರದ ಮೂಲಕನೇ ತಾನೆ, ಅದು ಚೆನ್ನಾಗಿದ್ರೆ ತಾನೆ ಕೆಳಗಿರೋ ಚಿತ್ರ ಚೆನ್ನಾಗಿ ಕಾಣೋದು. ಆದ್ರೆ ಡಬ್ಬಿ ಮೇಲೆ ಬಣ್ಣಕ್ಕೆ ಮರುಜೀವ ಕೊಡುತ್ತೆ ಅಂತ ಬರೆದಿದ್ರೆ ಅದನ್ನ ಈ ಅರ್ಥದಲ್ಲಿ ಮಾತ್ರ ತಗೊಳ್ಳಿ, ಸ್ನಾನ ಮಾಡಿ ಒರೆಸಿಕೊಂಡ ಮೇಲೆ ಆ ಜೀವ ಅರ್ಧ ಹೋಗಿರುತ್ತೆ.

ಬಾಮ್‌ಗೂ ಲೋಷನ್‌ಗೂ ಇರೋ ವ್ಯತ್ಯಾಸ ತುಂಬ ಸರಳ, ಬಾಮ್‌ನಲ್ಲಿ ಸಾಮಾನ್ಯವಾಗಿ ನೀರಿರಲ್ಲ. ಲೋಷನ್ ಅಂದ್ರೆ ನೀರು ಎಣ್ಣೆ ಎರಡನ್ನೂ ಬೆರೆಸಿ ಬೇರೆಯಾಗದ ಹಾಗೆ ಹಿಡಿದಿಟ್ಟಿರೋದು, ನೀರಿದ್ದ ಕಡೆ ಬ್ಯಾಕ್ಟೀರಿಯಾ ಬೆಳೆಯುತ್ತೆ, ಅದಕ್ಕೇ ಅದ್ರಲ್ಲಿ ಪ್ರಿಸರ್ವೇಟಿವ್ ಇರ್ಲೇಬೇಕು. ಬಾಮ್ ಅಂದ್ರೆ ಮೇಣ, ಗಟ್ಟಿ ಬಟರ್, ಎಣ್ಣೆ, ಈ ಮೂರರ ಲೆಕ್ಕಾಚಾರ. ಜೇನುಮೇಣ ಕರಗೋದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗಾಗಿ ಅದು ಬಾಮ್‌ಗೆ ಆಕಾರ ಕೊಡುತ್ತೆ, ಚರ್ಮದ ಮೇಲೆ ಕೂತು ಪೊರೆ ಥರ ಉಳಿಯುತ್ತೆ. ಕೋಕೋ ಬಟರ್ ಕರಗೋದು ಹೆಚ್ಚು ಕಮ್ಮಿ ನಮ್ಮ ಮೈಬಿಸಿಯಲ್ಲೇ, ಡಬ್ಬೀಲಿ ಗಟ್ಟಿ, ಬೆರಳಿಗೆ ಬಂದ ಕೂಡ್ಲೇ ಜಾರುತ್ತೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಹತ್ರಾನೇ ನೀರಾಗುತ್ತೆ, ಅದು ಜಾಸ್ತಿ ಇರೋ ಬಾಮ್ ಸೆಖೆಯಲ್ಲಿ ಸೂಪ್ ಆಗೋದು ಅದಕ್ಕೇ, ಕೆಟ್ಟುಹೋಗಿದೆ ಅಂತಲ್ಲ. ವ್ಯಾಸಲಿನ್ ಅಂದ್ರೆ ಪೆಟ್ರೋಲಿಯಂ ಜೆಲ್ಲಿ, 1872ರಲ್ಲಿ ಚೀಸ್‌ಬ್ರೋ ಅನ್ನೋ ಅಮೆರಿಕದ ಕೆಮಿಸ್ಟ್ ಪೇಟೆಂಟ್ ತಗೊಂಡಿದ್ದು, ಎಣ್ಣೆಬಾವಿ ಕೆಲಸಗಾರರು ಪಂಪಿಗೆ ಮೆತ್ತಿಕೊಳ್ತಿದ್ದ ಜಿಡ್ಡನ್ನ ಗಾಯಕ್ಕೆ ಹಚ್ಕೊಳ್ಳೋದು ನೋಡಿ ಅದನ್ನ ಶುದ್ಧ ಮಾಡೋಕೆ ಹೊರಟವರು ಅವರು. ಚರ್ಮದಿಂದ ನೀರು ಆವಿಯಾಗಿ ಹೋಗೋದನ್ನ ತಡೆಯೋದ್ರಲ್ಲಿ ಅದನ್ನ ಮೀರಿಸೋ ವಸ್ತು ಹುಡುಕೋದು ಇವತ್ತಿಗೂ ಕಷ್ಟ. ಆರ್ಟಿಸ್ಟ್‌ಗಳಲ್ಲಿ ಎಷ್ಟೋ ಜನಕ್ಕೆ ಅದು ಇಷ್ಟ ಆಗದೇ ಇರೋದಕ್ಕೆ ಕಾರಣ ಅದರ ಗುಣಕ್ಕಿಂತ ನಮ್ಮ ಕೈ, ದಪ್ಪಗೆ ಮೆತ್ತಿ ಬಿಡ್ತೀವಿ, ಗಾಯ ಅದರ ಕೆಳಗೆ ನೆಂದು ಬೆಳ್ಳಗಾಗುತ್ತೆ.

ಹೊಸ ಟ್ಯಾಟೂ ವಿಷಯ ಬೇರೇನೇ. ಅದು ಗಾಯ, ಸಾವಿರಾರು ತೂತಿರೋ ಗಾಯ, ಅದನ್ನ ಗಾಯದ ಥರಾನೇ ನೋಡ್ಕೋಬೇಕು. ಗಾಯ ಒಣಗಲಿ ಬಿಡು ಗಾಳಿ ಆಡಲಿ ಅನ್ನೋ ಮಾತು ನಾವೆಲ್ಲ ಕೇಳ್ಕೊಂಡೇ ಬೆಳೆದಿರೋದು, ಆದ್ರೆ 1962ರಲ್ಲೇ ಜಾರ್ಜ್ ವಿಂಟರ್ ಅನ್ನೋರು ನೇಚರ್ ಪತ್ರಿಕೇಲಿ ಹಂದಿಮರಿಗಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದ್ರು, ತೆಳು ಪ್ಲಾಸ್ಟಿಕ್ ಪೊರೆ ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಹರಡಿದ್ದು ಗಾಳಿಗೆ ಬಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ. ಕಾರಣನೂ ಸುಲಭವಾಗೇ ಇದೆ, ಹೊಸ ಕೋಶಗಳು ತೇವದಲ್ಲಿ ಸಲೀಸಾಗಿ ಸರೀತವೆ, ಒಣ ಹಕ್ಕಳೆ ಕಟ್ಟಿದ್ರೆ ಅದರ ಅಡಿಯಲ್ಲಿ ದಾರಿ ಮಾಡ್ಕೊಂಡು ಹೋಗ್ಬೇಕು. ಟ್ಯಾಟೂಗೆ ಇದು ಇನ್ನೂ ಮುಖ್ಯ ಯಾಕಂದ್ರೆ ದಪ್ಪ ಹಕ್ಕಳೆ ಕಟ್ಟಿ ಅದು ಬಿರುಕು ಬಿಟ್ಟು ಕಿತ್ತು ಬಂದ್ರೆ ಅಲ್ಲಿ ಬಣ್ಣ ಇಲ್ಲದ ಮಚ್ಚೆ ಉಳಿದುಬಿಡಬಹುದು. ತೆಳು ಪದರ ಬಾಮ್ ಹಚ್ಚಿ ಅಂತ ಹೇಳೋದರ ಹಿಂದಿರೋ ವಿಜ್ಞಾನ ಇಷ್ಟೇ.

ಆದ್ರೆ ತೇವ ಅಂದ್ರೆ ಒದ್ದೆ ಅಂತಲ್ಲ, ಇಲ್ಲೇ ಬಹಳ ಜನ ತಪ್ಪೋದು. ಮೊದಲ ಒಂದೆರಡು ದಿನ ಗಾಯದಿಂದ ತಿಳಿ ರಸ ಒಸರ್ತಾ ಇರುತ್ತೆ, ಜೊತೆಗೆ ಸ್ವಲ್ಪ ರಕ್ತ, ಸ್ವಲ್ಪ ಇಂಕ್. ಆ ಹೊತ್ತಲ್ಲಿ ಮುಖ್ಯ ಕೆಲಸ ತೊಳೆಯೋದು, ಕೈ ಚೆನ್ನಾಗಿ ತೊಳ್ಕೊಂಡು, ವಾಸನೆ ಇಲ್ಲದ ಸೌಮ್ಯ ಸೋಪು, ಉಗುರುಬೆಚ್ಚಗಿನ ನೀರು, ಅಂಗೈಯಿಂದ ಮೆಲ್ಲಗೆ ಸವರಿ ಆ ಅಂಟು ಹೋಗೋ ತನಕ ತೊಳೆದು, ಶುದ್ಧವಾದ ಪೇಪರ್ ಟವಲ್‌ನಲ್ಲಿ ಒತ್ತಿ ಒತ್ತಿ ಒಣಗಿಸೋದು, ಉಜ್ಜಬಾರದು. ಅದಾದ್ಮೇಲೆ ಒಂದಷ್ಟು ಹೊತ್ತು ಗಾಳಿಗೆ ಬಿಡಿ, ಚರ್ಮ ಬಿಗಿ ಅನಿಸೋಕೆ ಶುರುವಾದಾಗ ಬಾಮ್. ಒಸರ್ತಾ ಇರೋ ಗಾಯದ ಮೇಲೆ ಬಾಮ್ ಮುಚ್ಚಿದ್ರೆ ಒಸರಿದ್ದೆಲ್ಲ ಅಡಿಯಲ್ಲೇ ನಿಂತು ಬ್ಯಾಕ್ಟೀರಿಯಾಗೆ ಅನುಕೂಲ ಆಗುತ್ತೆ. ಆರ್ಟಿಸ್ಟ್ ಪಾರದರ್ಶಕ ಅಂಟು ಫಿಲ್ಮ್ ಹಾಕಿ ಕಳ್ಸಿದ್ರೆ ಅದರ ಅಡಿಗೆ ಬಾಮ್ ಹಚ್ಚೋ ಪ್ರಶ್ನೆನೇ ಇಲ್ಲ, ಜಿಡ್ಡಿದ್ರೆ ಫಿಲ್ಮ್ ಅಂಟಲ್ಲ, ಅಂಚು ಎದ್ದು ನೀರು ಕೊಳೆ ಒಳಗೆ ಹೋಗುತ್ತೆ. ಫಿಲ್ಮ್ ತೆಗೆದ್ಮೇಲೆ ಬಾಮ್ ಶುರು ಮಾಡಿದ್ರಾಯ್ತು, ಎಷ್ಟು ದಿನಕ್ಕೆ ತೆಗೀಬೇಕು ಅನ್ನೋದನ್ನ ಹಾಕಿದವರನ್ನೇ ಕೇಳಿ.

ಎಷ್ಟು ಹಚ್ಚೋದು ಅಂತ ಕೇಳೋರಿಗೆ ನಾನು ಹೇಳೋದು, ಹಚ್ಚಿದ್ಮೇಲೆ ಚರ್ಮ ಚರ್ಮದ ಥರಾನೇ ಕಾಣ್ಬೇಕು, ಸ್ವಲ್ಪ ಹೊಳಪು ಇರ್ಬಹುದು ಅಷ್ಟೇ. ಬಾಮ್ ಬೆಳ್ಳಗೆ ಅಥವಾ ಹಳದಿಯಾಗಿ ಕಣ್ಣಿಗೆ ಕಾಣ್ತಿದೆ, ಮುಟ್ಟಿದ್ರೆ ಬೆರಳು ಜಾರ್ತಿದೆ ಅಂದ್ರೆ ಜಾಸ್ತಿ ಆಯ್ತು, ಪೇಪರ್ ಟವಲ್‌ನಲ್ಲಿ ಒತ್ತಿ ತೆಗೀರಿ. ಬಾಮ್ ಅಂದ್ರೆ ನೀರಿಲ್ಲದ ಗಟ್ಟಿ ಸರಕು, ಲೋಷನ್ ಲೆಕ್ಕದಲ್ಲಿ ತಗೊಂಡ್ರೆ ಯಾವಾಗ್ಲೂ ಜಾಸ್ತಿನೇ ಆಗುತ್ತೆ. ಅಂಗೈ ಮಧ್ಯೆ ಉಜ್ಜಿ ಕರಗಿಸಿ ಆಮೇಲೆ ಒತ್ತಿ ಹಚ್ಚಿ, ಗಟ್ಟಿ ಉಂಡೇನ ಗಾಯದ ಮೇಲೆ ತಿಕ್ಬೇಡಿ. ದಿನಕ್ಕೆ ಎರಡೋ ಮೂರೋ ಸಲ ಹೆಚ್ಚಿನವರಿಗೆ ಸಾಕು, ಗಂಟೆ ನೋಡ್ಕೊಂಡು ಹಚ್ಚೋದಕ್ಕಿಂತ ಬಿಗಿ ಅನ್ಸಿದಾಗ ಹಚ್ಚೋದು ವಾಸಿ. ಜಾಸ್ತಿ ಹಚ್ಚಿದ್ರೆ ಏನಾಗುತ್ತೆ ಅಂದ್ರೆ ಹಕ್ಕಳೆ ನೆಂದು ಮೆತ್ತಗಾಗಿ ಉಬ್ಬುತ್ತೆ, ಬಟ್ಟೆಗೆ ಅಂಟಿ ಕಿತ್ತು ಬರುತ್ತೆ, ಸುತ್ತ ಕೂದಲ ಬುಡದಲ್ಲಿ ಸಣ್ಣ ಸಣ್ಣ ಗುಳ್ಳೆ ಏಳ್ತವೆ. ಹಾಗಾದಾಗ ಹೊಸ ಬಾಮ್ ಹುಡುಕ್ಕೊಂಡು ಹೋಗೋ ಬದಲು ಒಂದು ದಿನ ಏನೂ ಹಚ್ಚದೆ ಬಿಟ್ಟು ನೋಡಿ, ಎಷ್ಟೋ ಸಲ ಅಷ್ಟಕ್ಕೇ ತಣ್ಣಗಾಗುತ್ತೆ.

ಡಬ್ಬಿ ಬಗ್ಗೆನೂ ಒಂದು ಮಾತು. ಮನೇಲಿ ಎಲ್ರೂ ಬೆರಳು ಹಾಕಿರೋ ಹಳೇ ಡಬ್ಬಿಯಿಂದ ಹೊಸ ಗಾಯಕ್ಕೆ ತಗೊಳ್ಬೇಡಿ ದಯವಿಟ್ಟು. ಟ್ಯೂಬಲ್ಲಿ ಬರೋದಾದ್ರೆ ಅತ್ಯುತ್ತಮ, ಡಬ್ಬಿನೇ ಆದ್ರೆ ಶುದ್ಧವಾದ ಚಿಕ್ಕ ಚಮಚದಲ್ಲಿ ತಗೊಳ್ಳಿ.

ಸುಮಾರು ನಾಲ್ಕನೇ ದಿನದಿಂದ ಎರಡನೇ ವಾರದ ಒಳಗೆ ಸಿಪ್ಪೆ ಏಳೋಕೆ ಶುರುವಾಗುತ್ತೆ. ಬಣ್ಣಬಣ್ಣದ ಚೂರು ಉದುರೋದು ನೋಡಿ ಟ್ಯಾಟೂನೇ ಹೋಯ್ತು ಅಂತ ಗಾಬರಿ ಬೀಳೋರನ್ನ ತುಂಬ ನೋಡಿದ್ದೀನಿ, ಅದು ಸತ್ತ ಮೇಲ್ಪದರ, ಬಣ್ಣ ಕಚ್ಚಿಕೊಂಡಿದ್ದು ಅಷ್ಟೇ. ಬಾಮ್ ನಿಜವಾಗ್ಲೂ ಸುಖ ಕೊಡೋದು ಈ ಹಂತದಲ್ಲೇ, ಯಾಕಂದ್ರೆ ಕೆರೆತ. ಆ ಕೆರೆತ ಅನುಭವಿಸಿದವರಿಗೇ ಗೊತ್ತು, ರಾತ್ರಿ ನಿದ್ದೆಯಲ್ಲಿ ಕೈ ತಾನಾಗೇ ಹೋಗುತ್ತೆ. ಉಗುರು ಹಾಕ್ಬೇಡಿ, ಸಿಪ್ಪೆ ಕೀಳ್ಬೇಡಿ, ತಣ್ಣನೆ ಶುದ್ಧ ಬಟ್ಟೆ ಸ್ವಲ್ಪ ಹೊತ್ತು ಇಟ್ಟು ಒಣಗಿಸಿ ಆಮೇಲೆ ತೆಳ್ಳಗೆ ಬಾಮ್ ಹಚ್ಚಿ, ಮಲಗೋ ಮುಂಚೆ ಉಗುರು ಕತ್ತರಿಸ್ಕೊಳ್ಳಿ. ಸಿಪ್ಪೆ ಉದುರಿದ್ಮೇಲೆ ಕೆಲವು ವಾರ ಟ್ಯಾಟೂ ಮಬ್ಬಾಗಿ, ಹಾಲುಗಟ್ಟಿದ ಹಾಗೆ ಕಾಣುತ್ತೆ, ಹೊಸ ಮೇಲ್ಪದರ ಇನ್ನೂ ಬಲಿತಿರಲ್ಲ ಅದಕ್ಕೆ. ಇದಕ್ಕೆ ಬಾಮ್ ಮೇಲೆ ಬಾಮ್ ಹಚ್ಚಿ ಏನೂ ಪ್ರಯೋಜನ ಇಲ್ಲ, ಕಾಯ್ಬೇಕು. ಮೇಲಿಂದ ವಾಸಿಯಾಗೋಕೆ 2ರಿಂದ 4 ವಾರ ಸಾಕು, ಒಳಗೆ ಪೂರ್ತಿ ಸರಿಹೋಗೋಕೆ ಇನ್ನೂ ತಿಂಗಳುಗಳೇ ಬೇಕಾಗುತ್ತೆ.

ಬಾಮ್ ಆರಿಸೋವಾಗ ನಾನು ಮೊದ್ಲು ನೋಡೋದು ಏನೇನಿಲ್ಲ ಅನ್ನೋದನ್ನ. ಘಮಘಮ ಅನ್ನೋ ಬಾಮ್ ಹೊಸ ಟ್ಯಾಟೂಗೆ ಬೇಡ, ಸೆಂಟು ಚರ್ಮದ ಅಲರ್ಜಿಗೆ ಬಹಳ ಸಾಮಾನ್ಯ ಕಾರಣ. ಮೆಂಥಾಲ್, ಕರ್ಪೂರ ಇರೋ ಬಾಮ್‌ಗಳು ಸ್ನಾಯು ನೋವಿಗೆ ತಲೆನೋವಿಗೆ ಸರಿ, ಒಡೆದ ಚರ್ಮದ ಮೇಲೆ ಮುಟ್ಟಿಸ್ಲೇಬೇಡಿ. ಟೀ ಟ್ರೀ, ಲ್ಯಾವೆಂಡರ್ ಥರದ ಸುಗಂಧ ಎಣ್ಣೆಗಳನ್ನ ಗಿಡದಿಂದ ಬಂದಿದ್ದು ಅಂತ ಧೈರ್ಯವಾಗಿ ಹಚ್ತಾರೆ, ಗಿಡದಿಂದ ಬಂದಿದ್ದಕ್ಕೂ ಚರ್ಮ ಸಿಟ್ಟಾಗುತ್ತೆ, ಅದರಲ್ಲೂ ಎಣ್ಣೆ ಹಳೇದಾಗಿ ಗಾಳಿಗೆ ಕೆಟ್ಟಿದ್ರೆ ಇನ್ನೂ ಜಾಸ್ತಿ. ಲ್ಯಾನೋಲಿನ್ ಅಂದ್ರೆ ಕುರಿ ಉಣ್ಣೆಯಿಂದ ತೆಗೆಯೋ ಮೇಣ, ತುಂಬ ಜನಕ್ಕೆ ಚೆನ್ನಾಗೇ ಆಗುತ್ತೆ, ಮೆತ್ತಗಿರುತ್ತೆ, ಆದ್ರೆ ಆಗದೇ ಇರೋರಿಗೆ ಆಗಲ್ಲ, ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2023ರಲ್ಲಿ ಅದನ್ನೇ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿದ್ದು. ಅದೇ ಸೊಸೈಟಿ 2010ರಲ್ಲಿ ಹೆಸರಿಸಿದ್ದು ನಿಯೋಮೈಸಿನ್‌ನ, ಅದು ಅಂಗಡೀಲಿ ಸಿಗೋ ಎಷ್ಟೋ ಆಂಟಿಬಯೋಟಿಕ್ ಮುಲಾಮುಗಳಲ್ಲಿ ಇರುತ್ತೆ. ಇನ್ಫೆಕ್ಷನ್ ಆಗದೇ ಇರ್ಲಿ ಅಂತ ಮುನ್ನೆಚ್ಚರಿಕೆಗೆ ಆ ಮುಲಾಮು ಹಚ್ಚೋ ಅಭ್ಯಾಸ ಇದ್ರೆ ಬಿಟ್ಬಿಡಿ, ಡಾಕ್ಟರ್ ಹೇಳಿದ್ರೆ ಮಾತ್ರ ಹಚ್ಚಿ.

ಇರ್ಬೇಕಾದ್ದು? ನನ್ನ ಲೆಕ್ಕದಲ್ಲಿ ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೇದು. ನೀರು ತಡೆಯೋದಕ್ಕೆ ಪೆಟ್ರೋಲಿಯಂ ಜೆಲ್ಲಿನೋ ಮೇಣನೋ ಒಂದು, ಚರ್ಮ ಮೃದು ಮಾಡೋಕೆ ಶಿಯಾ ಥರದ ಒಂದು ಬಟರ್ ಅಥವಾ ಎಣ್ಣೆ, ಪ್ಯಾಂಥೆನಾಲ್ ಇದ್ರೆ ಸಂತೋಷ, ಅದು ವಿಟಮಿನ್ ಬಿ5 ಆಗಿ ಬದಲಾಗೋ ವಸ್ತು, ತೇವ ಹಿಡಿದಿಡುತ್ತೆ. ಹದಿನೈದು ಗಿಡಮೂಲಿಕೆ ಹೆಸರು ಇರೋ ಡಬ್ಬಿ ನೋಡಿದ್ರೆ ನಂಗೆ ಭಯ ಆಗುತ್ತೆ, ನಾಳೆ ಚರ್ಮ ಕೆಂಪಾದ್ರೆ ಹದಿನೈದರಲ್ಲಿ ಯಾವುದರ ಕೆಲಸ ಅಂತ ಹುಡುಕೋದು ಹೇಗೆ. ಟ್ಯಾಟೂ ಹಾಕಿಸ್ಕೊಳ್ಳೋ ವಾರದ ಮುಂಚೆನೇ ಬಾಮ್ ತಂದು ಮುಂಗೈ ಒಳಭಾಗದಲ್ಲಿ ಸ್ವಲ್ಪ ಜಾಗಕ್ಕೆ ಕೆಲವು ದಿನ ಹಚ್ಚಿ ನೋಡಿ, ಕೆಂಪಾಗ್ಲಿಲ್ಲ ಕೆರೀಲಿಲ್ಲ ಅಂದ್ರೆ ಧೈರ್ಯವಾಗಿ ಬಳಸಿ. ಗಾಯ ಆದ್ಮೇಲೆ ಪರೀಕ್ಷೆ ಮಾಡೋದಕ್ಕಿಂತ ಇದು ಎಷ್ಟೋ ಮೇಲು.

ಬಾಮ್ ಕೈಲಿ ಆಗದೇ ಇರೋದು ಯಾವುದು ಅಂತ ಗೊತ್ತಿರ್ಬೇಕು, ಇದನ್ನ ಒತ್ತಿ ಹೇಳ್ತೀನಿ. ಎರಡು ಮೂರು ದಿನ ಆದ್ಮೇಲೆ ಕೆಂಪು ಕಮ್ಮಿ ಆಗೋ ಬದಲು ಟ್ಯಾಟೂ ಗೆರೆ ದಾಟಿ ಹರಡ್ತಿದ್ರೆ, ಮುಟ್ಟಿದ್ರೆ ಬಿಸಿ, ನೋವು ದಿನದಿನಕ್ಕೆ ಜಾಸ್ತಿ, ಕೀವು, ಜ್ವರ, ಅಥವಾ ಅಲ್ಲಿಂದ ಮೇಲಕ್ಕೆ ಕೆಂಪು ಗೆರೆ ಹೋಗ್ತಿದ್ರೆ ಡಬ್ಬಿ ಮುಚ್ಚಿಟ್ಟು ಅವತ್ತೇ ಡಾಕ್ಟರ್ ಹತ್ರ ಹೋಗಿ. ಇನ್ನೊಂದು ಥರ ಇದೆ, ತಿಂಗಳೋ ವರ್ಷನೋ ಕಳೆದ್ಮೇಲೆ ಒಂದೇ ಬಣ್ಣ ಇರೋ ಜಾಗ ಮಾತ್ರ ಉಬ್ಬಿ ಕೆರೆಯೋದು, ಹೆಚ್ಚಾಗಿ ಕೆಂಪು ಇಂಕಲ್ಲಿ. ಅದು ಇಂಕಿಗೇ ಆಗ್ತಿರೋ ಅಲರ್ಜಿ ಆಗಿರ್ಬಹುದು, ಡರ್ಮಿಸ್‌ನಲ್ಲಿ ನಡೀತಿರೋ ಜಗಳ, ಮೇಲಿಂದ ಶಿಯಾ ಬಟರ್ ಹಚ್ಚಿದ್ರೆ ಅದಕ್ಕೆ ಕೇಳ್ಸೋದೂ ಇಲ್ಲ. ಚರ್ಮದ ಡಾಕ್ಟರೇ ನೋಡ್ಬೇಕು.

ವಾಸಿಯಾದ ಟ್ಯಾಟೂಗೆ ಬಾಮ್ ದಿನಾ ಬೇಕಾ? ಒಣ ಚರ್ಮದವರಿಗೆ, ಮೊಣಕೈ ಮೊಣಕಾಲು ಹತ್ರ ಇರೋದಕ್ಕೆ, ಚಳಿಗಾಲದಲ್ಲಿ, ಹೌದು, ಸ್ನಾನ ಆಗಿ ಮೈ ಇನ್ನೂ ಸ್ವಲ್ಪ ತೇವ ಇದ್ದಾಗ ಹಚ್ಚಿದ್ರೆ ಆ ನೀರನ್ನ ಒಳಗೇ ಹಿಡಿದಿಡುತ್ತೆ. ಎಣ್ಣೆ ಚರ್ಮದವರಿಗೆ, ಬೆನ್ನು ಎದೆ ಮೇಲೆ ಮೊಡವೆ ಏಳೋರಿಗೆ ಹಗುರ ಲೋಷನ್ನೇ ಸಾಕು, ಕೋಕೋ ಬಟರ್ ಕೊಬ್ಬರಿ ಎಣ್ಣೆ ಜಾಸ್ತಿ ಇರೋ ಬಾಮ್ ಅವರಿಗೆ ಒಗ್ಗೋದು ಕಷ್ಟ. ವ್ಯಾಯಾಮಕ್ಕೆ ಮುಂಚೆ ಹಚ್ಬೇಡಿ, ಬೆವರು ಜಿಡ್ಡು ಸೇರಿ ಕೂದಲ ಬುಡ ಮುಚ್ಚುತ್ತೆ.

ಆದ್ರೆ ನಂಗೆ ತುಂಬ ಬೇಜಾರಾಗೋದು ಏನು ಗೊತ್ತಾ, ಬಾಮ್‌ಗೆ ಅಷ್ಟು ದುಡ್ಡು ಸುರಿದು, ದಿನಾ ಹಚ್ಚಿ, ಅದೇ ತೋಳನ್ನ ಬಿಸಿಲಿಗೆ ಬಿಟ್ಕೊಂಡು ಓಡಾಡೋದು. ಟ್ಯಾಟೂ ಮಾಸೋಕೆ ನಮ್ಮ ಕೈಲಿ ತಡೆಯೋಕಾಗೋ ಕಾರಣಗಳಲ್ಲಿ ಬಿಸಿಲಿನಷ್ಟು ದೊಡ್ಡದು ಇನ್ನೊಂದಿಲ್ಲ. ಅಲ್ಟ್ರಾವಯೊಲೆಟ್ ಕಿರಣ ಡರ್ಮಿಸ್ ತನಕ ಇಳಿಯುತ್ತೆ, ಹಳದಿ ಕೆಂಪು ಕಿತ್ತಳೆಯಲ್ಲಿ ಬಳಸೋ ಎಷ್ಟೋ ಬಣ್ಣದ ಅಣುಗಳನ್ನ ಒಡೆಯುತ್ತೆ, ಕಪ್ಪು ಇಂಕ್ ಹೆಚ್ಚಾಗಿ ಕಾರ್ಬನ್ ಆಗಿರೋದ್ರಿಂದ ಸ್ವಲ್ಪ ಗಟ್ಟಿ ನಿಲ್ಲುತ್ತೆ, ಜೊತೆಗೆ ಮೇಲಿನ ಚರ್ಮನೂ ಕಪ್ಪಾಗಿ ಒರಟಾಗಿ ಚಿತ್ರ ಮಂಕಾಗುತ್ತೆ. ಬಾಮ್ ಇದ್ಯಾವುದನ್ನೂ ತಡೆಯಲ್ಲ. ಶಿಯಾ ಬಟರ್‌ನಲ್ಲೇ ಸನ್‌ಸ್ಕ್ರೀನ್ ಗುಣ ಇದೆ ಅಂತ ಹೇಳಿ ಮಾರೋದನ್ನ ನಂಬ್ಬೇಡಿ, ಆ ಸಣ್ಣ ಗುಣ ಬಿಸಿಲಿಗೆ ಯಾವ ಮೂಲೆಗೂ ಸಾಕಾಗಲ್ಲ. ಗಾಯ ಪೂರ್ತಿ ಮುಚ್ಚೋ ತನಕ ಬಟ್ಟೆ ಮುಚ್ಕೊಂಡು ಓಡಾಡಿ, ಹಸಿ ಗಾಯಕ್ಕೆ ಸನ್‌ಸ್ಕ್ರೀನ್ ಹಚ್ಬಾರದು. ಮುಚ್ಚಿದ್ಮೇಲೆ ಎಸ್‌ಪಿಎಫ್ (ಬಿಸಿಲು ಎಷ್ಟು ತಡೆಯುತ್ತೆ ಅನ್ನೋ ಅಂಕಿ) 30 ಅಥವಾ ಅದಕ್ಕಿಂತ ಜಾಸ್ತಿ ಇರೋದು, ಹೊರಗಿದ್ರೆ ಎರಡು ಗಂಟೆಗೊಮ್ಮೆ ಮತ್ತೆ. ಬೆಳಗ್ಗೆ ಎರಡನ್ನೂ ಹಚ್ಚೋರು ದಪ್ಪ ಬಾಮ್ ಮೇಲೆ ಸನ್‌ಸ್ಕ್ರೀನ್ ಸವರ್ಬೇಡಿ, ಅದು ಜಾರಿ ಅಲ್ಲಲ್ಲಿ ಖಾಲಿ ಬಿಡುತ್ತೆ. ನಾನು ಬಾಮನ್ನ ರಾತ್ರಿಗೆ ಇಟ್ಟು ಹಗಲು ಪೂರ್ತಿ ಸನ್‌ಸ್ಕ್ರೀನಿಗೆ ಬಿಟ್ಟಿದ್ದೀನಿ. ದುಡ್ಡು ಒಂದಕ್ಕೇ ಇದೆ ಅಂದ್ರೆ ಹಳೇ ಟ್ಯಾಟೂಗೆ ಸನ್‌ಸ್ಕ್ರೀನ್ ತಗೊಳ್ಳಿ, ಯೋಚನೆನೇ ಮಾಡ್ಬೇಡಿ.

ಕೊನೆಗೆ, ಬಾಮ್‌ನಲ್ಲಿ ನೀರಿಲ್ಲ ಅಂದ ಮಾತ್ರಕ್ಕೆ ಅದು ಕೆಡೋದೇ ಇಲ್ಲ ಅಂತಲ್ಲ, ಎಣ್ಣೆ ಗಾಳಿ ಬೆಳಕು ಬಿಸಿಗೆ ಕೆಡುತ್ತೆ. ಮುಚ್ಚಳ ತೆಗೆದಾಗ ಕಮಟು ವಾಸನೆ ಬಂದ್ರೆ ಅರ್ಧ ಡಬ್ಬಿ ಉಳಿದಿದ್ರೂ ಎಸೀರಿ. ಪೆಟ್ರೋಲಿಯಂ ಜೆಲ್ಲಿ ಹಾಗೆ ಕಮಟಾಗಲ್ಲ, ಗಿಡದೆಣ್ಣೆ ಬಾಮ್‌ಗಳೇ ಆಗೋದು. ಬಿಸಿಲು ಬೀಳೋ ಕಿಟಕಿ ಹತ್ರ, ಕಾರಿನ ಒಳಗೆ ಇಡ್ಬೇಡಿ, ಕರಗಿ ಮತ್ತೆ ಹೆಪ್ಪುಗಟ್ಟಿ ಮರಳು ಮರಳಾಗಿದ್ರೆ ಮಾತ್ರ ಹೆದರ್ಬೇಡಿ, ಬಟರ್ ನಿಧಾನಕ್ಕೆ ತಣ್ಣಗಾದಾಗ ಹರಳು ಕಟ್ಟುತ್ತೆ, ಅಂಗೈಲಿ ಉಜ್ಜಿದ್ರೆ ಕರಗಿ ಹೋಗುತ್ತೆ, ಆರಾಮಾಗಿ ಬಳಸ್ಬಹುದು.